ಲೊಸಾನ್ ಹಳೇ ಊರು, ಲಾವೋ ದ್ರಾಕ್ಷಿ ತೋಟ: ಒಂದೇ ದಿನದಲ್ಲಿ ಪೂರ್ತಿ ನಡೆದೇ ನೋಡಬಹುದಾ?

ಸ್ವಿಟ್ಜರ್ಲೆಂಡಿನ ಲೊಸಾನ್ ನಗರ, ಅದರ ಪಕ್ಕದ ಲಾವೋ ಇಳಿಜಾರು ಎರಡನ್ನೂ ಒಂದೇ ದಿನದಲ್ಲಿ ಪೂರ್ತಿ ನಡೆದೇ ನೋಡ್ತೀನಿ ಅನ್ನೋ ಹಟ ಮೊದಲು ಬಿಡಿ. ಆಗಸ್ಟ್‌ನಲ್ಲಿ ನಾನೂ ಇದೇ ಹಟ ಹಿಡಿದು ಅರ್ಧ ದಾರಿಯಲ್ಲೇ ವಾಪಸ್ ಬಂದೆ. ಆದ ತಪ್ಪು ಒಂದೇ: ಮ್ಯಾಪ್‌ನಲ್ಲಿ ದೂರ ನೋಡಿದೆ, ಏರು ನೋಡಲಿಲ್ಲ. ಜಿನೀವಾ ಸರೋವರದ ದಡದ ಊಶಿಯಿಂದ ಹಳೇ ಊರಿನ ಕಥೀಡ್ರಲ್‌ಗೆ (ದೊಡ್ಡ ಚರ್ಚು) ಸುಮಾರು ಎರಡು ಕಿಲೋಮೀಟರ್ ಅಷ್ಟೇ, ಆದರೆ ಸುಮಾರು 150 ಮೀಟರ್ ಏರು. ಅದನ್ನು ಬೆಳಗ್ಗೆಯೇ ಹತ್ತಿದರೆ ತೋಟಕ್ಕೆ ಕಾಲಲ್ಲಿ ಬಲ ಉಳಿಯಲ್ಲ. ಹೊತ್ತೂ ಏರಿ, ತೋಟ ಸೇರೋದು ನೆತ್ತಿ ಬಿಸಿಲಿಗೆ.

ಅಲ್ಲಿನ ಬಿಸಿಲು ಬೇರೆ ಥರ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ದ್ರಾಕ್ಷಿಗೆ ಚಪ್ಪರ ಇರುತ್ತೆ, ಅಡಿಯಲ್ಲಿ ನೆರಳು. ಲಾವೋದಲ್ಲಿ ಬಳ್ಳಿ ಎದೆಮಟ್ಟ ದಾಟಲ್ಲ, ಮರಗಳೂ ಅಪರೂಪ. ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ: ಮೇಲಿಂದ ಸೂರ್ಯ, ಕೆಳಗಿಂದ ನೀರಿನ ಪ್ರತಿಫಲನ, ಪಕ್ಕದಿಂದ ಕಲ್ಲುಗೋಡೆಯ ಕಾವು. ‘ಮೂರು ಸೂರ್ಯ’ ಅಂತ ಅಲ್ಲಿನವರು ಹೇಳೋದು ಇದಕ್ಕೇ. ಶಾಸ್ಲಾ ದ್ರಾಕ್ಷಿ ಹಣ್ಣಾಗೋದು ಆ ಕಾವಿಗೆ. ಸಂಜೆ ಐದಕ್ಕೂ ಗೋಡೆ ಮುಟ್ಟಿ ನೋಡಿ, ಈಗಷ್ಟೇ ಒಲೆಯಿಂದ ಇಳಿಸಿದ ತವಾ ಹಾಗಿರುತ್ತೆ.

ಹೀಗೆ ಮಾಡಿ. ಊಶಿಯಲ್ಲಿ ಎಂ2 ಮೆಟ್ರೊ ಹತ್ತಿ ಬೆಸಿಯೇರ್‌ನಲ್ಲಿ ಇಳಿಯಿರಿ. 1275ರಲ್ಲಿ ಪ್ರತಿಷ್ಠೆಯಾದ ಕಥೀಡ್ರಲ್ ಹತ್ತಿರದಲ್ಲೇ ಇದೆ. ದಕ್ಷಿಣ ಗೋಡೆಯ ದುಂಡನೆಯ ಬಣ್ಣದ ಗಾಜಿನ ಕಿಟಕಿಗೆ ಅರ್ಧ ಗಂಟೆಯಾದರೂ ಕೊಡಿ. ಆಮೇಲೆ ಮರದ ಮಾಡು ಹೊದಿಸಿದ ಮಾರುಕಟ್ಟೆ ಮೆಟ್ಟಿಲಿಳಿದು ಪಾಲ್ಯು ಚೌಕ, ಅಲ್ಲಿಂದ ರೈಲು ನಿಲ್ದಾಣ. ಎಲ್ಲವೂ ಹೆಚ್ಚುಕಮ್ಮಿ ಇಳಿಜಾರೇ.

ಬೇಸಿಗೆಯಾದರೆ ಊಟ ಮುಗಿಸಿ ಮೂರರ ಮೇಲೆ ಲೋಕಲ್ ರೈಲು ಹಿಡಿದು ಲ್ಯುತ್ರಿಗೆ ಹೋಗಿ. ಎಕ್ಸ್‌ಪ್ರೆಸ್ ಹತ್ತಬೇಡಿ, ಅದು ಈ ಸಣ್ಣ ಊರುಗಳಲ್ಲಿ ನಿಲ್ಲಲ್ಲ. ಲ್ಯುತ್ರಿಯಿಂದ ಸೇಂಟ್ ಸಫೊರಿನ್‌ವರೆಗೆ ತೋಟದ ದಾರಿ ಸುಮಾರು 11 ಕಿಲೋಮೀಟರ್, ಮೂರೂವರೆ ಗಂಟೆ ಇಟ್ಟುಕೊಳ್ಳಿ. ಈ ದಿಕ್ಕಿಗೇ ನಡೆಯಿರಿ: ಇಳಿಬಿಸಿಲು ಬೆನ್ನಿಗಿರುತ್ತೆ, ಆಲ್ಪ್ಸ್ ಎದುರಿಗೆ. ತಲಾ ಒಂದೂವರೆ ಲೀಟರ್ ನೀರು ಬೇಕೇ ಬೇಕು. ಹಳ್ಳಿಯ ಕಾರಂಜಿಗಳಲ್ಲಿ ತುಂಬಿಸಬಹುದು, ‘ನಾನ್ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ. ಸುಸ್ತಾದರೆ ಕ್ಯುಯಿ ಊರಿಗೆ ಇಳಿದು ರೈಲು ಹತ್ತಿ.

ರಾತ್ರಿ ಲೊಸಾನ್‌ನಲ್ಲೇ ಉಳಿಯಿರಿ. ಹತ್ತು ಗಂಟೆಗೆ ಕಥೀಡ್ರಲ್ ಕೆಳಗೆ ನಿಂತರೆ, ಗೋಪುರದ ಕಾವಲುಗಾರರು ನಾಲ್ಕೂ ದಿಕ್ಕಿಗೆ ಹೊತ್ತು ಕೂಗೋದು ಕೇಳುತ್ತೆ. 1405ರಿಂದ ನಡೆದು ಬಂದ ಪದ್ಧತಿ ಅದು.