ಮಂಜೇಶ್ವರ ಬಂದರಿನ ಕಂಬಕ್ಕೆ ಅಂಟಿದ ಚಿಪ್ಪೆಲ್ಲ ಪಚ್ಚಿಲೆಯೇ?

ಎಲ್ಲವೂ ಆಗಿರಬೇಕೆಂದಿಲ್ಲ. ನಮ್ಮ ಪಚ್ಚಿಲೆ, ಅಂದರೆ ತಿನ್ನುವ ಹಸಿರು ಚಿಪ್ಪು (ಗ್ರೀನ್ ಮಸೆಲ್), ದೊಡ್ಡದಾಗಿ ಕಂದು ತಿರುಗಿದರೂ ಅಂಚಿನಲ್ಲಿ ಹಸಿರು ಉಳಿಯುತ್ತದೆ. ಕಪ್ಪು, ಕಂದು ಬಣ್ಣದ ಸಣ್ಣ ಚಿಪ್ಪುಗಳು ಗೊಂಚಲು ಗೊಂಚಲಾಗಿ ಕೂತಿದ್ದರೆ ಹೊರಗಿನಿಂದ ಬಂದ ‘ಚಾರು ಮಸೆಲ್’ ಎಂಬ ಚಿಪ್ಪು ಇರಬಹುದು. ಬಣ್ಣ ಒಂದನ್ನೇ ನಂಬಬೇಡಿ, ತಿಳಿದವರಿಗೆ ತೋರಿಸಿ. ಚಾರು ಮಸೆಲ್‌ನ ತವರು ಅಮೆರಿಕ ಖಂಡದ ಬಿಸಿ ಕರಾವಳಿ. ಕೊಚ್ಚಿ ಹಿನ್ನೀರು, ಕೊಲ್ಲಂನ ಅಷ್ಟಮುಡಿ ಸರೋವರದಲ್ಲಿ ಈಗಾಗಲೇ ಬೀಡುಬಿಟ್ಟಿದೆ. ಇಂಥವು ಹಡಗಿನ ತಳಕ್ಕೆ ಅಂಟಿಕೊಂಡೋ, ತೂಕಕ್ಕೆಂದು ತುಂಬಿಸಿದ ನೀರಿನಲ್ಲಿ ಮರಿಯಾಗಿಯೋ ಬರುತ್ತವೆ. ಟಿಕೆಟ್ ಬೇಡ ಅಲ್ವಾ!

ಒಂದನ್ನು ಕಿತ್ತು ನೋಡಿ. ಕೂದಲಿನಂಥ ನೂಲು ಕಾಣುತ್ತದೆ. ಆ ನೂಲಿನಿಂದಲೇ ಕಾಂಕ್ರೀಟು, ಹಗ್ಗ, ದೋಣಿ ಎಲ್ಲವನ್ನೂ ಹಿಡಿಯುತ್ತದೆ. ಕಾಸರಗೋಡಿನ ಪಡನ್ನದ ಕಡೆ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುವವರಿಗೆ ಚಾರು ಮಸೆಲ್ ಬಂದರೆ ತಲೆನೋವು: ಜಾಗಕ್ಕೂ ಪೈಪೋಟಿ, ತಿನಿಸಿಗೂ ಪೈಪೋಟಿ. ಕೆರೆದು ತೆಗೆದದ್ದನ್ನು ಸುಮ್ನೆ ನೀರಿಗೆ ಎಸೆಯಬೇಡಿ, ದಡದಲ್ಲೇ ಒಣಗಿಸಿ.