ದೋಟಿ ಎಳೆದ ಬಿಳಿ ಗೀರು

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ಫೈಬರ್ ದೋಟಿಯನ್ನು (ಗೊನೆ ಕೊಯ್ಯುವ ಉದ್ದನೆ ಕೋಲು) ಹೊಸ ಕಾರಿನಲ್ಲೇ ಹಾಕಿಕೊಂಡು ಹೋಗಿದ್ದೆ. ಡಿಕ್ಕಿಯ ಒಳಗಿನ ಕಪ್ಪು ಪ್ಲಾಸ್ಟಿಕ್ ಮೇಲೆ ಗೇಣುದ್ದದ ಬಿಳಿ ಗೀರುಗಳು ಬಿದ್ದಿವೆ. ಕೊಬ್ಬರಿ ಎಣ್ಣೆ ಹಚ್ಚಿದೆ, ಎರಡೇ ದಿನಕ್ಕೆ ಮತ್ತೆ ಬೆಳ್ಳಗಾಯಿತು. ಗೇರ್ ಸುತ್ತಲಿನ ಹೊಳೆಯುವ ಪಟ್ಟಿಯಲ್ಲೂ ಕೂದಲೆಳೆಯಂಥ ಗೀರುಗಳಿವೆ. ಎಲ್ಲ ಬದಲಿಸಲೇಬೇಕಾ?

ಉತ್ತರ: ಈಗಲೇ ಬೇಡ. ಮೊದಲು ಗೀರಿಗೆ ಅಡ್ಡವಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮನೆಯಲ್ಲೇ ಸರಿಮಾಡಬಹುದು.

ಆ ಪ್ಲಾಸ್ಟಿಕ್ಕನ್ನು ಹತ್ತಿರದಿಂದ ನೋಡಿ. ಚರ್ಮದ ಹಾಗೆ ಸಣ್ಣ ಸಣ್ಣ ಉಬ್ಬು ತಗ್ಗು ಇದೆ ಅಲ್ವಾ? ದೋಟಿ ಉಜ್ಜಿ ಆ ಉಬ್ಬುಗಳ ತಲೆ ತರಚಿದೆ. ಬೆಳಕು ಅಲ್ಲಿ ಚದುರಿ ಬೆಳ್ಳಗೆ ಕಾಣುತ್ತದೆ. ಬಣ್ಣ ಎಲ್ಲೂ ಹೋಗಿಲ್ಲ, ಒಳಗೂ ಅದೇ ಕಪ್ಪು. ಎಣ್ಣೆ ಹಚ್ಚಿದರೆ ಗೀರು ಸ್ವಲ್ಪ ದಿನ ಅಡಗುತ್ತದೆ ಅಷ್ಟೆ, ಆಮೇಲೆ ಧೂಳು ಹಿಡಿದು ಜಿಡ್ಡಾಗುತ್ತದೆ. ಹಾಗಾಗಿ ಮೊದಲು ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ತಗೊಂಡು ಎಣ್ಣೆ ಪೂರ್ತಿ ತೆಗೆಯಿರಿ. ಚೆನ್ನಾಗಿ ಒಣಗಲಿ.

ಆಮೇಲೆ ಹೇರ್ ಡ್ರೈಯರ್. ನಾಲ್ಕು ಬೆರಳು ದೂರದಲ್ಲಿ ಹಿಡಿದು ಆಡಿಸುತ್ತಲೇ ಇರಿ. ಅದಕ್ಕೆ ಬಗ್ಗದಿದ್ದರೆ ಹೀಟ್ ಗನ್, ಅದೂ ಕಡಿಮೆ ಬಿಸಿಯಲ್ಲಿ, ಇನ್ನೂ ದೂರದಿಂದ. ಬಿಳುಪು ಕಣ್ಣೆದುರೇ ಕಪ್ಪಾಗುತ್ತಾ ಬರುತ್ತದೆ, ತಕ್ಷಣ ನಿಲ್ಲಿಸಿ. ಈ ಭಾಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು. ಅದು ಸುಮಾರು 160 ಡಿಗ್ರಿಗೆ ಕರಗುತ್ತದೆ, ಹೀಟ್ ಗನ್ನಿನ ಗಾಳಿ 300 ಡಿಗ್ರಿಯನ್ನೂ ದಾಟುತ್ತದೆ. ಕುಮಟಾದಲ್ಲಿ ಕೆಲಸ ಶುರುಮಾಡಿದ ಹೊಸತರಲ್ಲಿ ನಾನು ಗನ್ನನ್ನು ಒಂದೇ ಕಡೆ ಹಿಡಿದುಬಿಟ್ಟೆ. ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗಾಗಿ ಫಳಫಳ ಹೊಳೆಯಿತು. ಆ ಉಬ್ಬು ತಗ್ಗು ಒಮ್ಮೆ ಕರಗಿದರೆ ಮತ್ತೆ ಬರುವುದಿಲ್ಲ. ಗಿರಾಕಿಗೆ ಹೊಸ ಪ್ಯಾನಲ್ ನಾನೇ ಹಾಕಿಕೊಟ್ಟೆ. ದಯವಿಟ್ಟು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಮಾಡಿ ನೋಡಿ. ಏರ್‌ಬ್ಯಾಗ್ ಎಂದು ಬರೆದಿರುವ ಜಾಗಕ್ಕಂತೂ ಬಿಸಿ ತಾಗಿಸಲೇಬೇಡಿ.

ಹೊಳೆಯುವ ಪಟ್ಟಿಗೆ ಬಿಸಿ ಬೇಡ. ಪ್ಲಾಸ್ಟಿಕ್ ಪಾಲಿಶನ್ನು ಮೈಕ್ರೋಫೈಬರ್ ಬಟ್ಟೆಗೆ ಚೂರೇ ಹಾಕಿ, ಒತ್ತದೆ ಉಜ್ಜಿ. ಟೂತ್‌ಪೇಸ್ಟ್ ಬೇಡ, ಹೊಸ ಗೀರು ಬೀಳುತ್ತವೆ. ಒಣ ಬಟ್ಟೆಯಿಂದ ಧೂಳು ಒರೆಸುವುದೇ ಇಂಥ ಗೀರಿಗೆ ಮೂಲ. ಕಾರವಾರದ ಬೀಚಿಗೆ ಹೋಗಿ ಬಂದ ಕಾರುಗಳಲ್ಲಿ ನಾನು ಇದನ್ನೇ ಜಾಸ್ತಿ ನೋಡುವುದು. ಕೈಗೆ ಅಂಟಿದ ಮರಳು ಗೇರ್ ಹತ್ತಿರ ಉದುರುತ್ತದೆ, ಮನೆಗೆ ಬಂದವರು ಅದರ ಮೇಲೇ ಬಟ್ಟೆ ಎಳೆಯುತ್ತಾರೆ. ಮೊದಲು ಮೆತ್ತನೆ ಬ್ರಷ್‌ನಿಂದ ಮರಳು ಕೊಡವಿ, ಆಮೇಲೆ ಒದ್ದೆ ಬಟ್ಟೆ.

ಉಗುರು ಸಿಕ್ಕುವಷ್ಟು ಆಳದ ಗೀರಿದ್ದರೆ ಬಿಸಿಯಿಂದ ಪೂರ್ತಿ ಹೋಗುವುದಿಲ್ಲ. ಫಿಲ್ಲರ್ ತುಂಬಿದರೂ ಆ ಚರ್ಮದ ವಿನ್ಯಾಸ ಬಾರದು. ಅದೊಂದು ಪ್ಯಾನಲ್ ಮಾತ್ರ ಬದಲಿಸಿ, ಅದೂ ಈ ವರ್ಷದ ಕೊಯ್ಲು ಮುಗಿದ ಮೇಲೆ. ಅಲ್ಲಿಯವರೆಗೆ ದೋಟಿಯ ಕತ್ತಿ ಬಿಚ್ಚಿಟ್ಟು, ಎರಡೂ ತುದಿಗೆ ಹಳೆ ಕಂಬಳಿ ಸುತ್ತಿ ಒಯ್ಯಿರಿ.