ಬೆಳಕಿಗ್ಯಾಕೆ ಬೇರೆ ಲೆಕ್ಕ?

ಪ್ರಶ್ನೆ: ನ್ಯೂಟನ್ ಲೆಕ್ಕ ಸರಿಯಾಗೇ ಇತ್ತಲ್ವಾ ಸಾರ್, ಮತ್ಯಾಕೆ ರಿಲೇಟಿವಿಟಿ ಬೇಕಾಯ್ತು? (ಸಾಗರದ ಓದುಗರು)

ಉತ್ತರ: ನೀವು ತಾಳಗುಪ್ಪ ಟ್ರೈನಲ್ಲಿ ಹೋಗ್ತಾ ಬೋಗಿಯೊಳಗೆ ಮುಂದಕ್ಕೆ ನಡೆದ್ರೆ, ಹೊರಗೆ ಅಡಿಕೆ ತೋಟದಲ್ಲಿ ನಿಂತೋರಿಗೆ ಟ್ರೈನ್ ಸ್ಪೀಡೂ ನಿಮ್ಮ ನಡಿಗೆನೂ ಕೂಡಿ ಕಾಣುತ್ತೆ, ಇದು ಹಳೇ ಲೆಕ್ಕ. ಆದ್ರೆ ಇಂಜಿನ್ ಹೆಡ್‌ಲೈಟ್ ಬೆಳಕಿಗೆ ಹಂಗೆ ಕೂಡಿಸೋಕಾಗಲ್ಲ! 1860ರ ದಶಕದಲ್ಲಿ ವಿದ್ಯುತ್ತು, ಕಾಂತಗಳ ಬಗ್ಗೆ ಮ್ಯಾಕ್ಸ್‌ವೆಲ್ ಬರೆದ ಸಮೀಕರಣಗಳಿಂದ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅಂತ ಬಂತು, ಯಾರಿಗೆ ಹೋಲಿಸಿ ಅನ್ನೋದೇ ಅದ್ರಲ್ಲಿಲ್ಲ. ಈಥರ್‌ಗೆ (ಬೆಳಕಿನ ಅಲೆ ಸಾಗೋಕೆ ಎಲ್ಲೆಡೆ ತುಂಬಿದೆ ಅಂತ ಆಗ ನಂಬಿದ್ದ ವಸ್ತು) ಹೋಲಿಸಿ ಇರ್ಬೇಕು ಅಂದ್ಕೊಂಡ್ರು, 1887ರಲ್ಲಿ ಮೈಕೆಲ್ಸನ್ ಮತ್ತೆ ಮೋರ್ಲಿ ಅಳೆದು ನೋಡಿದ್ರೆ ಭೂಮಿ ಓಡೋ ದಿಕ್ಕಿಗೂ ಅಡ್ಡಕ್ಕೂ ಬೆಳಕಿನ ವೇಗದಲ್ಲಿ ಅವ್ರು ಎಣಿಸಿದ್ದ ವ್ಯತ್ಯಾಸ ಕಾಣ್ಲೇ ಇಲ್ಲ. 1905ರಲ್ಲಿ ಐನ್‌ಸ್ಟೀನ್, ಬೆಳಕಿನ ವೇಗ ಎಲ್ರಿಗೂ ಒಂದೇ, ಬದಲಾಗೋದು ಟೈಮು ಮತ್ತೆ ಉದ್ದ ಅಂದ್ರು, ಇದೇ ರಿಲೇಟಿವಿಟಿ. ನಮ್ಮ ಟ್ರೈನ್ ಸ್ಪೀಡಿಗೆ ಅದು ಗೊತ್ತೇ ಆಗಲ್ಲ ಬಿಡಿ, ಅದಕ್ಕೇ ನ್ಯೂಟನ್ ಇನ್ನೂ ನಡೀತಿರೋದು.